ಐಸಿನ ಮೇಲೆ ಕುಂಕುಮದ ಪಟ್ಟೆ

ವಿಮಾನ ನಿಲ್ದಾಣ: ಬಂಗಾರದ ಪೊಟ್ಟಣ

ಕುವೈತಿನಲ್ಲಿ ನಾನು ಮೊಟ್ಟಮೊದಲು ಕೊಂಡ ವಸ್ತು ಉಣ್ಣೆಯ ಸ್ವೆಟರ್. ಊರಿಗೆ ಮರಳಿ ಇದನ್ನು ಹೇಳಿದಾಗ ಯಾರೂ ನಂಬಲಿಲ್ಲ. ಮರಳುಗಾಡಿಗೆ ಹೋದ ಹೆಂಗಸು ಸ್ವೆಟರ್ ಕೊಂಡಳೆಂದರೆ ಅವಳಿಗೆ ಜ್ವರ ಬಂದಿರಬೇಕು, ಇಲ್ಲವೇ ತಲೆ ಕೆಟ್ಟಿರಬೇಕು ಎಂದುಕೊಂಡರು. ಎರಡೂ ಅಲ್ಲ. ನನ್ನ ತಮ್ಮ ಬಸವರಾಜ ಅಲ್ಲಿ ಐಸ್ ಮಾಡುವ ಕೆಲಸದಲ್ಲಿದ್ದ.

ಶರಬತ್ತಿಗೆ ಹಾಕುವ ಐಸಲ್ಲ. ಸಾಲ್ಮಿಯಾದ ಒಂದು ಮಾಲಿನೊಳಗೆ ನಮ್ಮ ಹೈಸ್ಕೂಲ್ ಮೈದಾನದ ಕಾಲುಭಾಗದಷ್ಟು ದೊಡ್ಡದಾದ ಐಸಿನ ಅಂಗಳವಿತ್ತು. ಅದರ ಮೇಲೆ ಮಕ್ಕಳು ಐಸ್ ಹಾಕಿ ಆಟ ಆಡುತ್ತಿದ್ದರು. ಆ ಐಸು ಕರಗದಂತೆ, ಬಿರಿಯದಂತೆ ನೋಡಿಕೊಳ್ಳುವವನು ಗದಗಿನ ಐ.ಟಿ.ಐ.ಯಲ್ಲಿ ಫ್ರಿಜ್ ರಿಪೇರಿ ಕಲಿತ ನಮ್ಮ ಬಸು. "ವರ್ಷ ಹದಿನೈದಾತು, ಒಮ್ಮೆನೂ ಬಂದಿಲ್ಲ ನೀ. ಈಗ ರಿಟೈರ್ ಆಗೀದಿ, ಏನ್ ನೆವ ಐತಿ? ದಸರಾಕ್ಕ ಬಾ" ಎಂದು ಫೋನಿನಲ್ಲಿ ಗಂಟುಬಿದ್ದ. ಮೂವತ್ತೆರಡು ವರ್ಷ ಹುಡುಗಿಯರಿಗೆ ಖೋ ಖೋ ಕಲಿಸಿ, ಸೀಟಿ ಊದಿ ಊದಿ ನಿವೃತ್ತಳಾದ ಪಿ.ಟಿ. ಟೀಚರ್ ನಾನು. ಆಟದ ಅಂಗಳ ಎಂದು ಕಿವಿಗೆ ಬಿದ್ದರೆ ಮನೆಯಲ್ಲಿ ಕೂರುವುದು ಕಷ್ಟ. ಹೊರಟೆ.

ಮೊದಲ ಎಡವಟ್ಟು ವಿಮಾನ ನಿಲ್ದಾಣದಲ್ಲೇ ಆಯಿತು. ನಮ್ಮ ಕಡೆ ವಿಜಯದಶಮಿಯಂದು ಬನ್ನಿ ಎಲೆಯನ್ನು ಬಂಗಾರವೆಂದು ಹಂಚಿಕೊಳ್ಳುತ್ತೇವೆ. ಕಿರಿಯರು ಹಿರಿಯರ ಕೈಗೆ ಎಲೆ ಕೊಟ್ಟು ಕಾಲಿಗೆ ಬೀಳುತ್ತಾರೆ. ಅಲ್ಲಿ ಬನ್ನಿಮರ ಎಲ್ಲಿ ಹುಡುಕುವುದೆಂದು ಒಂದು ಪೊಟ್ಟಣ ಎಲೆ ಒಣಗಿಸಿ ಚೀಲದಲ್ಲಿ ಇಟ್ಟುಕೊಂಡಿದ್ದೆ. ಅಧಿಕಾರಿ ಅದನ್ನು ಬಿಚ್ಚಿ ಏನಿದು ಎಂದು ಕೇಳಿದ. ಗಾಬರಿಯಲ್ಲಿ ನನಗೆ ತೋಚಿದ್ದು ಒಂದೇ ಉತ್ತರ: "ಗೋಲ್ಡ್, ಸರ್."

ಮುಂದಿನ ಮುಕ್ಕಾಲು ಗಂಟೆ ನನ್ನ ಚಟ್ನಿಪುಡಿ, ಕೌದಿ, ಕುಂಕುಮದ ಪೊಟ್ಟಣ, ಖಡಕ್ ರೊಟ್ಟಿಯ ಕಟ್ಟು ಎಲ್ಲವೂ ಮೇಜಿನ ಮೇಲೆ ಮೆರವಣಿಗೆ ಹೊರಟವು. ಕಡೆಗೆ ಕಸ ಗುಡಿಸುತ್ತಿದ್ದ ಒಬ್ಬ ಪುಣ್ಯಾತ್ಮ "ಪೂಜಾ ಕಾ ಪತ್ತಾ ಹೈ, ಸಾಬ್" ಎಂದು ಹೇಳಿ ನನ್ನನ್ನು ಬಿಡಿಸಿದ. ಹೊರಗೆ ಕಾಯುತ್ತಿದ್ದ ಬಸು ಕಥೆ ಕೇಳಿ ನಗಲೂ ಇಲ್ಲ. "ಅಕ್ಕಾ, ಇದು ಪರದೇಶ. ಇಲ್ಲಿ ಏನರ ಮಾಡೂಕಿಂತ ಮೊದಲು ನನಗೊಂದ್ ಮಾತು ಕೇಳು" ಎಂದ. ನಾನು ತಲೆಯಾಡಿಸಿದೆ. ಆ ಮಾತನ್ನು ನಿಜಕ್ಕೂ ಕೇಳಿದ್ದರೆ ಈ ಬರಹವೇ ಇರುತ್ತಿರಲಿಲ್ಲ.

ಫಿಂಟಾಸ್: ಬಾಲ್ಕನಿಯ ಕವಚಗಳು

ಬಸುವಿನ ಮನೆ ಫಿಂಟಾಸಿನಲ್ಲಿ, ಸಮುದ್ರಕ್ಕೆ ಹತ್ತಿರ. ಹೆಂಡತಿ ವಿಜಯಾ ಆಸ್ಪತ್ರೆಯಲ್ಲಿ ನರ್ಸ್; ಅವಳು ಮನೆಗೆ ಬರುವ ಹೊತ್ತಿಗೆ ಇವನು ಹೊರಡುತ್ತಾನೆ. ಅವರ ಒಬ್ಬಳೇ ಮಗಳು ಮೇಘಾ, ಹದಿಮೂರು ವರ್ಷ. ಶಾಲೆ ಬಿಟ್ಟ ಮೇಲೆ ಮಗುವನ್ನು ನೋಡಿಕೊಳ್ಳಲು ಯಾರೂ ಇಲ್ಲದೆ ಬಸು ಅವಳನ್ನು ಕೆಲಸದ ಜಾಗಕ್ಕೇ ಕರೆದೊಯ್ಯುತ್ತಿದ್ದನಂತೆ. ಹಾಗೆ ಐದನೇ ವಯಸ್ಸಿಗೆ ಐಸಿನ ಮೇಲೆ ಕಾಲಿಟ್ಟವಳು ಇಳಿದೇ ಇಲ್ಲ.

ನಾವು ಬಾಲ್ಕನಿಯಲ್ಲಿ ಸಂಡಿಗೆ ಒಣಹಾಕುವಂತೆ ಅವರು ಮೊಣಕಾಲಿನ ಕವಚ, ಎದೆಯ ಕವಚ, ದಪ್ಪ ಕೈಗವಸುಗಳನ್ನು ಒಣಹಾಕಿದ್ದರು. ಅದರ ವಾಸನೆ ನಮ್ಮ ಶಾಲೆಯ ಆಟದ ಕೋಣೆಯ ವಾಸನೆಯೇ. ನನಗೆ ತಕ್ಷಣ ಮನೆಗೆ ಬಂದಂತಾಯಿತು.

"ಅತ್ತಿ, ಡೋಂಟ್ ಟಚ್! ಅದು ನನ್ನ ಲಕ್ಕಿ ಗ್ಲೌಸ್" ಎಂಬುದು ಸೋದರಸೊಸೆ ನನ್ನೊಡನೆ ಆಡಿದ ಮೊದಲ ಮಾತು. ನಾನು ಕನ್ನಡದಲ್ಲಿ ಕೇಳುತ್ತೇನೆ, ಅವಳು ಇಂಗ್ಲಿಷಿನಲ್ಲಿ ಉತ್ತರಿಸುತ್ತಾಳೆ; ಸಿಟ್ಟು ಬಂದಾಗ ಮಾತ್ರ ಅಪ್ಪನಂತೆ ಅಪ್ಪಟ ಗದಗಿನ ಕನ್ನಡ ಹೊರಬೀಳುತ್ತದೆ. ಹಾಗಾಗಿ ನಾನು ಆಗಾಗ ಬೇಕೆಂದೇ ಕೆಣಕುತ್ತಿದ್ದೆ.

ಅವಳ ಮನಸ್ಸು ಆ ವಾರ ಒಂದೇ ಕಡೆ ನೆಟ್ಟಿತ್ತು. ಲಿಥುವೇನಿಯಾ ಎಂಬ ಚಿಕ್ಕ ದೇಶದಿಂದ ಯೋನಸ್ ಎಂಬ ತರಬೇತುದಾರ ಹತ್ತು ದಿನದ ಮಟ್ಟಿಗೆ ಬಂದಿದ್ದ. ಶುಕ್ರವಾರ ಬೆಳಿಗ್ಗೆ ಮಕ್ಕಳನ್ನು ಆಡಿಸಿ, ಇಬ್ಬರನ್ನು ಆರಿಸಿ, ಮುಂದಿನ ಬೇಸಿಗೆಗೆ ತನ್ನ ಊರಿನ ಶಿಬಿರಕ್ಕೆ ಒಂದು ತಿಂಗಳು ಕರೆಸಿಕೊಳ್ಳುವವನಿದ್ದ. ಹದಿನಾಲ್ಕರ ಒಳಗಿನವರಿಗೆ ಮಾತ್ರ ಅವಕಾಶ. ಮೇಘಾಳಿಗೆ ಇದೇ ಕೊನೆಯ ಸಲ. ಮರುವರ್ಷ ಅವಳು ಈ ಗುಂಪಿನಿಂದಲೇ ಹೊರಗೆ. ಅವರಲ್ಲಿ ದೊಡ್ಡ ಹುಡುಗಿಯರ ತಂಡವಿರಲಿಲ್ಲ. ಗೋಡೆಗೆ ಲಿಥುವೇನಿಯಾದ ನಕ್ಷೆ ಅಂಟಿಸಿ, ಆ ಊರಿನ ಸುತ್ತ ಪೆನ್ನಿನಿಂದ ಸೊನ್ನೆ ಹಾಕಿದ್ದಳು.

ಸಾಲ್ಮಿಯಾ: ಯಾರೂ ಕೂರದ ಆಟ

ಮರುದಿನ ಬಸುವಿನ ಜೊತೆ ಸಾಲ್ಮಿಯಾಕ್ಕೆ ಹೋದೆ. ಹೊರಗೆ ಕಾರಿನ ಬಾಗಿಲು ಮುಟ್ಟಿದರೆ ಕೈ ಸುಡುವ ಬಿಸಿಲು. ಒಳಗೆ ಎರಡು ಬಾಗಿಲು ದಾಟಿದರೆ ಹಲ್ಲು ಕಟಕಟ. ಹತ್ತಿಯ ಸೀರೆ ಉಟ್ಟು ಹೋಗಿದ್ದ ನಾನು ಐದೇ ನಿಮಿಷಕ್ಕೆ ಸೋತು ಅದೇ ಮಾಲಿನಲ್ಲಿ ಸ್ವೆಟರ್ ಕೊಂಡೆ. ಅದೂ ಸಾಲದೆ, ಬಸುವಿಗೆಂದು ತಂದು ಇನ್ನೂ ಕಾರಿನಲ್ಲೇ ಉಳಿದಿದ್ದ ಕೌದಿಯನ್ನು ತರಿಸಿ ಹೊದ್ದು ಕೂತೆ. ಪಕ್ಕದಲ್ಲಿ ಬಿಳಿ ನಿಲುವಂಗಿ ದಿಶ್‌ದಾಶಾ ತೊಟ್ಟ ಕುವೈತಿ ಅಜ್ಜನೊಬ್ಬ ಮೊಮ್ಮಗನ ಆಟ ನೋಡುತ್ತ ಜಪಮಣಿ ಎಣಿಸುತ್ತಿದ್ದ. ನನ್ನ ಕೌದಿಯನ್ನು ಅವನು ಎರಡು ಬೆರಳಲ್ಲಿ ಹಿಡಿದು ಹೊಲಿಗೆ ಪರೀಕ್ಷಿಸಿ, ಮೆಚ್ಚಿದಂತೆ ತಲೆದೂಗಿ, ತನ್ನ ಫ್ಲಾಸ್ಕಿನಿಂದ ಒಂದು ಪುಟ್ಟ ಗ್ಲಾಸು ಚಹಾ ಬಗ್ಗಿಸಿಕೊಟ್ಟ. ಭಾಷೆ ಬೇಕಾಗಲಿಲ್ಲ.

ಸ್ಕೇಟುಗಳನ್ನು ಬಾಡಿಗೆಗೆ ಕೊಡುವ, ಅವುಗಳ ಅಲಗು ಮಸೆಯುವ ಕಟ್ಟೆಯಲ್ಲಿ ಉಳ್ಳಾಲದ ಹಮೀದ್ ಇದ್ದರು. ಬಸುವಿಗಿಂತ ಹಳೆಯ ನೌಕರ.

"ಚಳಿಯಾ ಅಕ್ಕ? ನಾನು ಇಲ್ಲಿಗೆ ಬಂದ ಮೊದಲ ವರ್ಷ ಎರಡು ಲುಂಗಿ ಮೇಲೆ ಪ್ಯಾಂಟು ಹಾಕ್ತಿದ್ದೆ ಮಾರ್ರೆ. ಈಗ ಊರಿಗೆ ಹೋದ್ರೆ ಸೆಕೆಗೆ ನಿದ್ದೆ ಬರುದಿಲ್ಲ" ಎಂದರು. ನಮ್ಮ ಬಯಲುಸೀಮೆಯ ಕನ್ನಡಕ್ಕೂ ಅವರ ಕರಾವಳಿಯ ಕನ್ನಡಕ್ಕೂ ಗದಗಿನಲ್ಲಾಗಿದ್ದರೆ ಜಗಳವೇ ಆಗಬಹುದಿತ್ತು. ಅಲ್ಲಿ ಅದು ನೆಂಟರ ಮಾತಿನಂತೆ ಕೇಳಿತು.

ನಾನು ನೋಡಲು ಹೋಗಿದ್ದು ಆಟ. ನೋಡುತ್ತ ಕೂತಿದ್ದು ಆ ಯೋನಸನನ್ನು. ಐವತ್ತರ ಆಸುಪಾಸಿನ ಆಸಾಮಿ, ಮುಂದಿನ ಹಲ್ಲೊಂದಿಲ್ಲ. ಸೀಟಿಯೇ ಊದುವುದಿಲ್ಲ! ಕೋಲಿನಿಂದ ಐಸನ್ನು ಎರಡು ಸಲ ತಟ್ಟಿದರೆ ಮಕ್ಕಳು ನಿಲ್ಲುತ್ತಾರೆ. ಅಂಗಳವನ್ನು ಅಡ್ಡಡ್ಡ ಮೂರು ಹೋಳು ಮಾಡಿ, ನಡುವೆ ಸ್ಪಂಜಿನ ದಿಂಬುಗಳ ಗೋಡೆ ಇಟ್ಟಿದ್ದ. ಒಂದೊಂದು ಹೋಳಿನಲ್ಲೂ ಎದುರುಬದುರಾಗಿ ಪುಟ್ಟ ಗೋಲುಗಳು. ಮಕ್ಕಳು ಅಂಗಳದ ಉದ್ದಕ್ಕೆ ಓಡದೆ ಅಗಲಕ್ಕೆ ಆಡುತ್ತಿದ್ದರು. ಮೂವತ್ತು ಮಕ್ಕಳಲ್ಲಿ ಒಬ್ಬರೂ ಹೊರಗೆ ಕೂತಿರಲಿಲ್ಲ.

ಬಿಡುವಿನಲ್ಲಿ ಅವನನ್ನೇ ಕೇಳಿದೆ. ನನ್ನ ಇಂಗ್ಲಿಷೂ ಕುಂಟು, ಅವನದೂ ಕುಂಟು, ಹಾಗಾಗಿ ಚೆನ್ನಾಗಿ ಹೊಂದಿಕೆಯಾಯಿತು. "ನಮ್ಮ ದೇಶದಲ್ಲಿ ಐಸಿನ ಅಂಗಳಗಳು ಬೆರಳೆಣಿಕೆಯಷ್ಟು. ಎತ್ತರದ ಹುಡುಗರನ್ನೆಲ್ಲ ಬ್ಯಾಸ್ಕೆಟ್‌ಬಾಲ್ ಎಳೆದುಕೊಂಡು ಹೋಗುತ್ತದೆ. ಉಳಿದವರು ನಮಗೆ. ಆ ಉಳಿದವರಲ್ಲೂ ಅರ್ಧ ಜನರನ್ನು ಬೆಂಚಿಗೆ ಕಳಿಸಿದರೆ ನಾಳೆ ಆಡಲು ಯಾರಿರುತ್ತಾರೆ?" ಎಂದ.

ನಮ್ಮಲ್ಲೂ ಕ್ರಿಕೆಟ್ಟು ಹೀಗೆಯೇ ಮೈದಾನ ನುಂಗಿದೆ ಎಂದೆ. ಅವನು ನಕ್ಕ. ನನಗೆ ಮಾತ್ರ ಒಳಗೊಳಗೇ ಚುಚ್ಚಿತು. ಮೂವತ್ತೆರಡು ವರ್ಷ ನಾನು ಚುರುಕಿನ ಹುಡುಗಿಯರನ್ನು ಆಡಿಸಿ, ನಿಧಾನದವರ ಕೈಗೆ ನೀರಿನ ಕೊಡ ಕೊಟ್ಟು ಗೆರೆಯ ಹೊರಗೆ ನಿಲ್ಲಿಸಿದವಳು. ಅವರಲ್ಲಿ ಕೆಲವರ ಹೆಸರೂ ನೆನಪಿಲ್ಲ. ಕೌದಿಯೊಳಗೆ ಮುದುಡಿ ಕೂತು ಅವರ ಮುಖ ನೆನೆಸಿಕೊಳ್ಳಲು ನೋಡಿದೆ, ಆಗಲಿಲ್ಲ.

ಮೇಘಾ ಎಲ್ಲರಿಗಿಂತ ಚುರುಕು. ಆ ಕಪ್ಪು ರಬ್ಬರ್ ಬಿಲ್ಲೆ, ಅಂದರೆ ಪಕ್, ಅವಳ ಕೋಲಿಗೆ ಅಂಟಿದರೆ ಬಿಡುವುದಿಲ್ಲ. ಮೂವರನ್ನು ದಾಟಿ ಗೋಲಿನೊಳಗೆ ಹಾಕಿ ಬರುತ್ತಾಳೆ. ಎದೆ ಉಬ್ಬಿತು. ಆದರೆ ಟೀಚರ್ ಕಣ್ಣು ಸುಮ್ಮನಿರಬೇಕಲ್ಲ. ಅವಳು ಯಾರಿಗೂ ಪಕ್ ಕೊಡುವುದೇ ಇಲ್ಲ. ಅವಳ ತಂಡದಲ್ಲಿ ಸಾಲೆಹ್ ಎಂಬ ದುಂಡುಮುಖದ ಕುವೈತಿ ಹುಡುಗನಿದ್ದ. ನನಗೆ ಚಹಾ ಕೊಟ್ಟ ಅಜ್ಜನ ಮೊಮ್ಮಗ. ಓಟ ಕಮ್ಮಿ, ಆದರೆ ಸದಾ ಸರಿಯಾದ ಜಾಗದಲ್ಲಿ ನಿಂತಿರುತ್ತಿದ್ದ. ಅವಳು ಅವನನ್ನು ಕಂಬದಂತೆ ಸುತ್ತಿ ಹೋಗುತ್ತಿದ್ದಳು.

ಮನೆಗೆ ಬರುವಾಗ ಕಾರಿನಲ್ಲಿ ಹೇಳಿಯೇಬಿಟ್ಟೆ. "ನೋಡವಾ, ಖೋ ಖೋದಾಗ ಎಷ್ಟ ಜೋರಾಗಿ ಓಡಾಕಿ ಇದ್ರೂ ಖೋ ಕೊಟ್ಟು ಕುಂಡ್ರಬೇಕು. ಕೊಡೂದು ಕಲಿ."

"ಅತ್ತಿ, ಇದು ಖೋ ಖೋ ಅಲ್ಲ! ಅವನಿಗೆ ಕೊಟ್ರ ಕಳಕೊಂಡ ಕುಂಡ್ರತಾನ. ನಿಮಗೇನ್ ಗೊತ್ತು ಐಸ್ ಹಾಕಿ?" ಎಂದಳು, ಅಪ್ಪಟ ಗದಗಿನ ಕನ್ನಡದಲ್ಲಿ.

ಶುವೈಖ್: ಲಾರಿಯ ಕೆಳಗಿನ ನಿಂಬೆಹಣ್ಣು

ಐಸನ್ನು ಸಮ ಮಾಡಲು ಒಂದು ಯಂತ್ರವಿದೆ. ಹಮೀದರು ಅದನ್ನು ಟ್ರ್ಯಾಕ್ಟರ್ ಎನ್ನುತ್ತಾರೆ. ಅಡಿಯ ದೊಡ್ಡ ಅಲಗು ಗೀರುಬಿದ್ದ ಐಸನ್ನು ಹೆರೆದು ಒಳಗೆಳೆದುಕೊಳ್ಳುತ್ತದೆ. ಹಿಂದಿನ ಕೊಳವೆಯಿಂದ ಬಿಸಿನೀರು ಸುರಿಯುತ್ತದೆ. ಅದರ ಹಿಂದೆ ನೇತಾಡುವ ಅಗಲವಾದ ಬಟ್ಟೆ ಆ ನೀರನ್ನು ಒರೆಸುತ್ತ ಸಾಗುತ್ತದೆ. ನೀರು ಹೆಪ್ಪುಗಟ್ಟಿ ಕನ್ನಡಿಯಾಗುತ್ತದೆ. ಐಸಿಗೆ ಬಿಸಿನೀರೇಕೆ ಎಂದು ನಾನು ನಾಲ್ಕು ಸಲ ಕೇಳಿದೆ. ಬಿಸಿನೀರು ಹಳೆಯ ಐಸನ್ನು ಚೂರು ಕರಗಿಸಿ ಅದರೊಡನೆ ಬೆರೆತು ಗಟ್ಟಿಯಾಗುತ್ತದೆ ಎಂದು ಬಸು ನಾಲ್ಕು ಸಲವೂ ತಾಳ್ಮೆಯಿಂದ ಹೇಳಿದ.

ಶುಕ್ರವಾರದ ಆಟಕ್ಕಾಗಿ ಆ ಅಲಗನ್ನು ಸಾಣೆ ಹಿಡಿಸಲು ಬಸು ಶುವೈಖಿಗೆ ಹೊರಟ. ನಾನೂ ಹತ್ತಿದೆ, ಯೋನಸನೂ ಹತ್ತಿದ. ಶುವೈಖ್ ಎಂದರೆ ಸಾಲುಸಾಲು ಗ್ಯಾರೇಜು, ಗೋದಾಮು, ಎಣ್ಣೆ ಕುಡಿದ ಮಣ್ಣು. ಬಿಸಿಲಿಗೆ ನಾವು ನೆರಳು ಹುಡುಕಿದರೆ ಯೋನಸ್ ಟೊಪ್ಪಿಗೆ ತೆಗೆದು ಮುಖ ಮೇಲೆತ್ತಿ ನಿಂತಿದ್ದ. ಆರು ತಿಂಗಳು ಸೂರ್ಯನನ್ನು ಸರಿಯಾಗಿ ಕಾಣದವನ ಸಂತೋಷ ಅದು. ಜೇಬಿನಿಂದ ಸೌತೆಕಾಯಿ ತೆಗೆದು ಉಪ್ಪು ಉದುರಿಸಿಕೊಂಡು ತಿಂದ. ನನಗೂ ಅರ್ಧ ಕೊಟ್ಟ.

ನಿನಗೆ ಈ ಆಟ ಯಾರು ಕಲಿಸಿದರು ಎಂದು ಕೇಳಿದೆ. "ನಮ್ಮಕ್ಕ" ಎಂದ. "ಊರಲ್ಲಿ ತರಬೇತುದಾರರೇ ಇರಲಿಲ್ಲ. ಅವಳಿಗೆ ಹದಿನಾಲ್ಕು, ನನಗೆ ಏಳು. ಹುಡುಗಿಯರ ತಂಡವಿಲ್ಲದ್ದಕ್ಕೆ ಅವಳು ನಮ್ಮನ್ನು ಆಡಿಸುತ್ತಿದ್ದಳು. ಕೆರೆ ಹೆಪ್ಪುಗಟ್ಟಿದ ಮೇಲೆ ದಿನವೂ."

ಅಲ್ಲಿ ಒಂದು ಗ್ಯಾರೇಜಿನಲ್ಲಿ ನಾನು ಕಂಡದ್ದು ನನ್ನ ತಲೆ ಕೆಡಿಸಿತು. ಲಾರಿಯೊಂದರ ಚಕ್ರದಡಿ ನಾಲ್ಕು ನಿಂಬೆಹಣ್ಣು, ಬಾನೆಟ್ಟಿಗೆ ಕುಂಕುಮದ ಬೊಟ್ಟು. ನಮ್ಮ ಕಡೆಯ ಮೆಕ್ಯಾನಿಕ್ಕುಗಳು ಗದ್ದಲವಿಲ್ಲದೆ ಮುಂಚಿತವಾಗಿಯೇ ಆಯುಧಪೂಜೆ ಮಾಡಿ ಮುಗಿಸಿದ್ದರು. ಆ ಶುಕ್ರವಾರವೇ ಖಂಡೇನವಮಿ! "ನೀ ಯಂತ್ರಕ್ಕ ಪೂಜಿ ಮಾಡೂದಿಲ್ಲೇನು?" ಎಂದು ಬಸುವನ್ನು ಕೇಳಿದೆ.

"ಒಂದು ಬಟ್ಟು ವಿಭೂತಿ ಹಚ್ಚತೀನಿ, ಕೈ ಮುಗೀತೀನಿ. ಅಷ್ಟ ಸಾಕು. ನೀ ಏನೂ ಹಚ್ಚಬ್ಯಾಡ" ಎಂದ.

ಖಂಡೇನವಮಿ: ಹೊಸ ಬಟ್ಟೆಗೆ ಹಚ್ಚಿದ್ದು

ಶುಕ್ರವಾರ ಬೆಳಿಗ್ಗೆ ಯಂತ್ರದ ಕೋಣೆಯಲ್ಲಿ ಬಸು ಪಾನಾಗಳನ್ನು, ಗೇಜುಗಳನ್ನು ಸಾಲಾಗಿ ಇಟ್ಟು, ವಿಭೂತಿ ಹಚ್ಚಿ, ಕೈಮುಗಿದು, ಐದು ನಿಮಿಷದಲ್ಲಿ ಮುಗಿಸಿದ. ಆಮೇಲೆ ಕಂಪ್ರೆಸರ್ ನೋಡಲು ಮೇಲೆ ಹೋದ. ಕೋಣೆಯಲ್ಲಿ ಉಳಿದವಳು ನಾನು, ಎದುರಿಗೆ ಆ ಯಂತ್ರ.

ಅದರ ಹಿಂದೆ ನೇತಾಡುತ್ತಿದ್ದ ಬಟ್ಟೆ ಹೊಚ್ಚಹೊಸದು; ಅವತ್ತಿನ ಆಟಕ್ಕೆಂದೇ ಬಸು ಹಾಕಿದ್ದ. ನಮ್ಮ ಮನೆಯಲ್ಲಿ ಹೊಸ ಬಟ್ಟೆಯ ಅಂಚಿಗೆ ಕುಂಕುಮ ಹಚ್ಚದೆ ಯಾರೂ ಮೈಗೆ ಹಾಕುವುದಿಲ್ಲ. ಸೀರೆಯಿರಲಿ, ಟವೆಲ್ಲೇ ಇರಲಿ. ಇಷ್ಟು ದೊಡ್ಡ ದಿನ, ಕೂಸಿನ ಭವಿಷ್ಯ, ಬಟ್ಟೆಗೊಂದು ಬೊಟ್ಟೂ ಬೇಡವೇ? ಪೊಟ್ಟಣ ಬಿಚ್ಚಿದೆ. ಒಂದು ಮೂಲೆಗೆ ಹಚ್ಚಿ ಇನ್ನೊಂದಕ್ಕೆ ಬಾಗುವಾಗ ಪೊಟ್ಟಣ ಜಾರಿ ಅಷ್ಟೂ ಕುಂಕುಮ ಬಟ್ಟೆಯ ಮಡಿಕೆಯೊಳಗೆ ಸುರಿಯಿತು. ಕೈಯಿಂದ ಕೊಡವಿದೆ. ಬಂದಷ್ಟು ಬಂತು. ಉಳಿದದ್ದು ಶುಭವೇ ಎಂದು ಸಮಾಧಾನ ಮಾಡಿಕೊಂಡು ಮೇಲೆ ಹೋಗಿ ಕೌದಿ ಹೊದ್ದು ಕೂತೆ.

ಬಸು ಯಂತ್ರವನ್ನು ಅಂಗಳದ ನಟ್ಟನಡುವೆ ಉದ್ದಕ್ಕೆ ಓಡಿಸಿದ. ಅವನ ದೃಷ್ಟಿ ಮುಂದೆ. ಹಿಂದೆ ಬಿಸಿನೀರು ಬಟ್ಟೆಯ ಮೇಲೆ ಬೀಳುತ್ತಿದ್ದಂತೆ, ಈ ತುದಿಯಿಂದ ಆ ತುದಿಯವರೆಗೆ, ಸೀರೆ ಹಾಸಿದಂತೆ ಗುಲಾಬಿ ಬಣ್ಣದ ಪಟ್ಟೆಯೊಂದು ಬಿಚ್ಚಿಕೊಳ್ಳುತ್ತ ಹೋಯಿತು.

"ಬಸಣ್ಣಾ! ನಿಲ್ಸಿ, ನಿಲ್ಸಿ ಮಾರ್ರೆ! ಹಿಂದೆ ನೋಡಿ!" ಎಂದು ಹಮೀದರು ಕಟ್ಟೆ ಹಾರಿ ಬಂದರು.

ಬಸು ಇಳಿದು ನೋಡಿದ. ಅಷ್ಟರಲ್ಲಿ ಪಟ್ಟೆ ಹೆಪ್ಪುಗಟ್ಟಿತ್ತು. ಅವನು ನನ್ನ ಕಡೆ ತಿರುಗಿದ. ಬಯ್ಯಲಿಲ್ಲ. ಅವನ ಮುಖದಲ್ಲಿ ಬಣ್ಣವೇ ಇರಲಿಲ್ಲ. "ಅಕ್ಕಾ, ಏನ್ ಮಾಡೀದಿ ಇದು? ಮುದೀರ್ ಬರೂ ಹೊತ್ತಾತು. ನನ್ನ ನೌಕರಿ ಹೋಗತೈತಿ" ಎಂದ. ಮುದೀರ್ ಎಂದರೆ ಅಲ್ಲಿಯ ಮ್ಯಾನೇಜರ್. ಬಣ್ಣದ ಪದರ ಹೆರೆದು ಹೊಸ ಐಸ್ ಕಟ್ಟಲು ಮೂರು ಗಂಟೆ ಬೇಕು. ಆಗಲೇ ಹತ್ತು ದಾಟಿತ್ತು; ಮಧ್ಯಾಹ್ನ ಎರಡಕ್ಕೆ ಅಂಗಳ ಸಾರ್ವಜನಿಕರಿಗೆ ಬಿಡಬೇಕು. ಮರುದಿನ ಬೆಳಿಗ್ಗೆ ಯೋನಸನ ವಿಮಾನ. ಐಸ್ ಹೆರೆದರೆ ಆಟವಿಲ್ಲ, ಆಟವಿಲ್ಲದಿದ್ದರೆ ಆಯ್ಕೆಯೂ ಇಲ್ಲ.

ಕವಚ ತೊಟ್ಟು ಬಂದ ಮೇಘಾ ಪಟ್ಟೆ ನೋಡಿದಳು, ನನ್ನ ಕೈಯ ಕೆಂಪು ನೋಡಿದಳು. ಅವಳಿಗೆ ಯಾರೂ ಹೇಳಬೇಕಾಗಲಿಲ್ಲ. "ಯಾಕ್ರಿ ಅತ್ತಿ?" ಎಂದಳು, ಅಷ್ಟೇ. ನಾನು ಅಂಗೈಗಳನ್ನು ಕೌದಿಯೊಳಗೆ ಬಚ್ಚಿಟ್ಟುಕೊಂಡೆ.

ಯೋನಸ್ ಬಂದ. ಬಸು "ಪೈಪ್ ಲೀಕ್, ಸರ್, ಕಲರ್…" ಎಂದು ಸುಳ್ಳು ಹೆಣೆಯತೊಡಗಿದ. ಬದುಕಿನಲ್ಲಿ ಆ ಹುಡುಗ ನನಗಾಗಿ ಹೇಳಿದ ಎಷ್ಟನೆಯ ಸುಳ್ಳೋ! ನನಗೆ ತಡೆಯಲಾಗಲಿಲ್ಲ. "ನಾನು ಮಾಡಿದ್ದು. ಹಬ್ಬ. ಹೊಸ ಬಟ್ಟೆ. ನನ್ನ ತಪ್ಪು" ಎಂದು ನನ್ನ ಕುಂಟು ಇಂಗ್ಲಿಷಿನಲ್ಲಿ ಹೇಳಿ, ಸಾಕ್ಷಿಗೆ ಎರಡೂ ಅಂಗೈ ತೋರಿಸಿದೆ.

ಅವನು ಮಂಡಿಯೂರಿ ಪಟ್ಟೆಯನ್ನು ಬೆರಳಲ್ಲಿ ಮುಟ್ಟಿದ, ಮೂಸಿದ. ಆಮೇಲೆ ಹಲ್ಲಿಲ್ಲದ ಬಾಯಿ ತೆರೆದು ನಕ್ಕ. ಅವರ ಊರ ಕೆರೆಯ ಮೇಲೆ ಗೆರೆ ಎಳೆಯಲು ಬಣ್ಣ ಸಿಗುತ್ತಿರಲಿಲ್ಲವಂತೆ. ಅವನ ಅಕ್ಕ ಬೀಟ್‌ರೂಟ್ ಬೇಯಿಸಿದ ನೀರನ್ನು ಗಿಡಕ್ಕೆ ನೀರು ಹಾಕುವ ಡಬ್ಬಿಯಿಂದ ಸುರಿದು ಗೆರೆ ಹಾಕುತ್ತಿದ್ದಳಂತೆ. "ಇದೇ ಬಣ್ಣ. ನಮ್ಮಮ್ಮನ ಸಾರಿನ ಬಣ್ಣ. ಹೆರೆಯಬೇಡಿ. ಇದರ ಮೇಲೆ ಆಡೋಣ" ಎಂದ.

ಪಟ್ಟೆಯ ಆಚೆ ಈಚೆ

ಪಟ್ಟೆ ಅಂಗಳದ ಉದ್ದಕ್ಕಿತ್ತು, ಮಕ್ಕಳ ಆಟ ಅಗಲಕ್ಕೆ. ಹೀಗಾಗಿ ಮೂರೂ ಹೋಳುಗಳಿಗೆ ಅದೇ ನಡುಗೆರೆಯಾಯಿತು. ಯೋನಸ್ ಅಲ್ಲೇ ಒಂದು ನಿಯಮ ಕಟ್ಟಿದ: ಪಕ್ಕನ್ನು ಯಾರೂ ಗುಲಾಬಿ ಪಟ್ಟೆ ದಾಟಿ ಒಯ್ಯುವಂತಿಲ್ಲ, ಆಚೆಯಿರುವವರಿಗೆ ಕೊಟ್ಟೇ ದಾಟಿಸಬೇಕು.

ಇಲ್ಲಿಗೆ ನಾನು ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ಪಾಪಪ್ರಜ್ಞೆ ತಲೆಗೇರಿತ್ತೋ, ಹಳೆಯ ಚಟವೋ, "ನಮ್ಮ ಆಟದಲ್ಲಿ ಕೊಟ್ಟವರು ಖೋ ಎಂದು ಕೂಗಿ ಕೂರಬೇಕು, ಖೋ ಕೇಳಿದವರು ಎದ್ದು ಓಡಬೇಕು" ಎಂದುಬಿಟ್ಟೆ. ತೋರಿಸು ಎಂದ. ಕೌದಿ ಸೊಂಟಕ್ಕೆ ಸುತ್ತಿಕೊಂಡು, ಅಂಗಳದ ಹೊರಗಿನ ರಬ್ಬರ್ ನೆಲದ ಮೇಲೆ ಕೂತು, ಎದ್ದು, ಓಡಿ, ಹಮೀದರ ಬೆನ್ನು ತಟ್ಟಿ, "ಖೋ!" ಎಂದು ತೋರಿಸಿದೆ. ಆ ಕುವೈತಿ ಅಜ್ಜ ಚಪ್ಪಾಳೆ ಹೊಡೆದ. ಯೋನಸ್ ಮಕ್ಕಳತ್ತ ತಿರುಗಿ ಇನ್ನೊಂದು ನಿಯಮ ಸೇರಿಸಿದ: ಪಟ್ಟೆಯಾಚೆ ಕೊಡುವವರು ಖೋ ಎನ್ನಬೇಕು, ಆಚೆಯವರು ಪಕ್ ಮುಟ್ಟುವವರೆಗೆ ಒಂದು ಮೊಣಕಾಲೂರಬೇಕು.

ಕುವೈತಿ, ಈಜಿಪ್ಟಿನ, ಫಿಲಿಪೈನ್ಸಿನ, ಕೇರಳದ ಮಕ್ಕಳೆಲ್ಲ "ಖೋ! ಖೋ!" ಎಂದು ಐಸಿನ ಮೇಲೆ ಕೂಗತೊಡಗಿದರು. ಕೂಗದವಳು ಒಬ್ಬಳೇ, ನಮ್ಮ ಮನೆಯವಳು. ಗೆಳೆಯರ ಮುಂದೆ ಅತ್ತೆಯ ಮಾತು ಬಾಯಲ್ಲಿ ಬರಲು ನಾಚಿಕೆ, ನನ್ನ ಮೇಲೆ ಸಿಟ್ಟು, ಎರಡೂ ಸೇರಿ ತುಟಿ ಬಿಗಿದಿದ್ದಳು. ಮೊದಲ ಸಲ ಮೂವರನ್ನು ದಾಟಿ ಬಂದು, ರಭಸದಲ್ಲಿ ಪಟ್ಟೆ ದಾಟಿಬಿಟ್ಟಳು. ಯೋನಸ್ ಕೋಲು ತಟ್ಟಿ ಪಕ್ ಎದುರಿನವರಿಗೆ ಕೊಟ್ಟ. ಎರಡನೆಯ ಸಲವೂ ಅದೇ. ಮೂರನೆಯ ಸಲ ಪಟ್ಟೆಯ ಅಂಚಿನಲ್ಲಿ ನಿಂತು ಯಾರಿಗೆ ಕೊಡಲೆಂದು ನೋಡುವಷ್ಟರಲ್ಲಿ ಯಾರೋ ಕಸಿದರು. ಆಚೆ ಸಾಲೆಹ್ ಕೋಲು ಚಾಚಿ ಕಾಯುತ್ತಲೇ ಇದ್ದ.

ಕಡೆಯ ಹತ್ತು ನಿಮಿಷದಲ್ಲಿ ಅವಳು ಕೊಟ್ಟಳು. ಬಾಯಿ ಬಿಡದೆ, ಮೊಣಕಾಲೂರಿ, ಒಂದು ಸಲ ಕೊಟ್ಟಳು. ಸಾಲೆಹ್ ಅದನ್ನು ಮೆಲ್ಲಗೆ ಗೋಲಿನೊಳಗೆ ತಳ್ಳಿದ. ಆಮೇಲೆ ಮತ್ತೆರಡು ಸಲ. ನಾನು ಕೌದಿಯ ಅಂಚು ಕಚ್ಚಿಕೊಂಡು ಕೂತಿದ್ದೆ.

ಅಷ್ಟರಲ್ಲಿ ಮುದೀರ್ ಬಂದ. ಗುಲಾಬಿ ಪಟ್ಟೆ ನೋಡಿ ಹುಬ್ಬು ಗಂಟಿಕ್ಕಿದ. ಬಸು ಎದ್ದು ನಿಂತ. ಇದಕ್ಕೆ ಯಾರು ಅನುಮತಿ ಕೊಟ್ಟರೆಂದು ಮುದೀರ್ ಕೇಳಿದಾಗ ಯೋನಸ್ ಐಸಿನ ಮೇಲಿಂದಲೇ ಕೈ ಎತ್ತಿ "ನಾನು" ಎಂದ. ಮುದೀರ್ ಸ್ವಲ್ಪ ಹೊತ್ತು ಆಟ ನೋಡಿದ. "ಯಲ್ಲಾ, ಆಗಲಿ, ಮುಗಿದ ಮೇಲೆ ತೆಗೆದುಬಿಡು" ಎಂದು ಬಸುವಿಗೆ ಹೇಳಿ ಹೋದ. ಹಮೀದರು "ಖಲಾಸ್ ಬಸಣ್ಣ, ಕೂತ್ಕೊಳ್ಳಿ ಇನ್ನು" ಎಂದು ಅವನ ಭುಜ ಹಿಡಿದು ಕೂರಿಸಿದರು.

ಯೋನಸ್ ಎರಡು ಹೆಸರು ಹೇಳಿದ. ಗೋಲು ಕಾದ ಈಜಿಪ್ಟಿನ ಹುಡುಗಿಯದು ಒಂದು, ಸಾಲೆಹನದು ಇನ್ನೊಂದು.

ಮೇಘಾ ಹೆಲ್ಮೆಟ್ ತೆಗೆಯಲೇ ಇಲ್ಲ. ಯೋನಸ್ ಅವಳ ಪಕ್ಕ ಬಂದು, "ನನ್ನ ಬಳಿ ಎರಡೇ ಟಿಕೆಟ್ ಇದ್ದವು. ನೀನು ಒಂದೇ ಬೆಳಗಿನಲ್ಲಿ ಕೊಡುವುದು ಕಲಿತೆ. ಕೆಲವರಿಗೆ ಅದಕ್ಕೆ ಐದು ವರ್ಷ ಬೇಕು. ನಾನು ಹೋದ ಮೇಲೆ ಇಲ್ಲಿಯ ಪುಟ್ಟ ಮಕ್ಕಳಿಗೆ ಯಾರಾದರೂ ಕಲಿಸಬೇಕು" ಎಂದ. ಅವಳು "ಐ ಡೋಂಟ್ ವಾಂಟ್ ಟು ಟೀಚ್. ಐ ವಾಂಟ್ ಟು ಪ್ಲೇ" ಎಂದು ಒಳಗೆ ಹೋದಳು. ಅವಳು ಹೇಳಿದ್ದು ನ್ಯಾಯವಾಗಿಯೇ ಇತ್ತು.

ಮಧ್ಯಾಹ್ನ ಬಸು ಹೆರೆದು ತೆಗೆದ ಗುಲಾಬಿ ಹಿಮವನ್ನು ಮಾಲಿನ ಹಿಂದೆ ಸುರಿದ. ಹತ್ತು ನಿಮಿಷದಲ್ಲಿ ಅದು ಕರಗಿ, ಇಪ್ಪತ್ತು ನಿಮಿಷದಲ್ಲಿ ನೆಲ ಒಣಗಿತು. ನಾನು ಅಲ್ಲಿಯೇ ಬಿಸಿಲಲ್ಲಿ ನಿಂತು ಅತ್ತೆ. ನಾನು ಆ ಪೊಟ್ಟಣ ಬಿಚ್ಚದಿದ್ದರೆ ಪಟ್ಟೆಯಿಲ್ಲ. ಬಾಯಿ ಬಿಡದಿದ್ದರೆ ಖೋ ಇಲ್ಲ. ಮೂವರನ್ನು ದಾಟುವ ಹುಡುಗಿ ದಾಟಿಕೊಂಡೇ ಹೋಗಿರುತ್ತಿದ್ದಳು.

ದಶಮಿ, ಫಿಂಟಾಸ್

ಮರುದಿನ ಬೆಳಿಗ್ಗೆ ಬನ್ನಿ ಎಲೆಯ ಪೊಟ್ಟಣ 'ಬಂಗಾರ' ಎಂಬ ತನ್ನ ಹೆಸರಿಗೆ ತಕ್ಕಂತೆ ದೇವರ ಮುಂದಿತ್ತು. ವಿಜಯಾ ಬಂದು ನನ್ನ ಕೈಗೆ ಎಲೆ ಕೊಟ್ಟು ನಮಸ್ಕರಿಸಿದಳು, ಬಸು ನಮಸ್ಕರಿಸಿದ. ಮೇಘಾ ಬರಲಿಲ್ಲ. ಅವಳ ಕೋಣೆಯ ಗೋಡೆಯಲ್ಲಿ ನಕ್ಷೆ ಇರಲಿಲ್ಲ.

ಪದ್ಧತಿಯ ಪ್ರಕಾರ ಕಿರಿಯರೇ ಹಿರಿಯರ ಬಳಿ ಬರಬೇಕು. ನಾನು ಎದ್ದು ಅವಳ ಬಳಿ ಹೋದೆ. ಎಲೆ ಹಿಡಿದು, "ಬನ್ನಿ ತಗೊಂಡು ಬಂಗಾರದಂಗ ಇರೂಣು. ನನ್ನದು ತಪ್ಪಾತವಾ" ಎಂದೆ. ಅರವತ್ತು ದಾಟಿದ ಮೇಲೆ ಒಂದು ಮಗುವಿನೆದುರು ಹಾಗೆ ಹೇಳಿದ್ದು ಅದೇ ಮೊದಲು.

ಅವಳು ಎಲೆ ತೆಗೆದುಕೊಂಡಳು. "ನನಗ ಇನ್ನೂ ಸಿಟ್ಟ್ ಐತಿ" ಎಂದಳು.

"ಇರಲಿ. ಸಿಟ್ಟು ಇಟ್ಕೊ, ಬಂಗಾರ ತಗೋ" ಎಂದೆ.

ಸಂಜೆ ನಾನು ಅಡುಗೆಮನೆಯಲ್ಲಿದ್ದಾಗ ಬಾಗಿಲಿಗೆ ಬಂದು ನಿಂತಳು. "ಅತ್ತಿ, ಇನ್ನೂ ಎರಡು ಎಲೆ ಅದಾವೇನು? ಸಾಲೆಹ್‌ಗ ಒಂದು, ಗೋಲ್ ಕಾಯೂ ಹುಡುಗಿಗ ಒಂದು" ಎಂದಳು. ಪೊಟ್ಟಣವನ್ನೇ ಕೈಗೆ ಕೊಟ್ಟೆ.

ಗದಗ

ಊರಿಗೆ ಬಂದು ಎಂಟು ತಿಂಗಳಾಗಿತ್ತು. ಸಾಲೆಹ್ ಶಿಬಿರಕ್ಕೆ ಹೋದ ಸುದ್ದಿ ಬಸು ತಿಳಿಸಿದ್ದ. ಮೇಘಾಳಿಗೆ ಹದಿನಾಲ್ಕು ತುಂಬಿ ಅವಳು ಗುಂಪಿನಿಂದ ಹೊರಬಿದ್ದದ್ದನ್ನೂ ತಿಳಿಸಿದ್ದ. ಆಮೇಲೆ ನಾನು ಅವಳ ಬಗ್ಗೆ ಕೇಳಲು ಹೆದರುತ್ತಿದ್ದೆ, ಅವನೂ ಹೇಳುತ್ತಿರಲಿಲ್ಲ.

ಒಂದು ಶುಕ್ರವಾರ ಬೆಳಿಗ್ಗೆ ಕುರ್ಚಿಯಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಾಗ ಫೋನು ಬಂತು. "ಅಕ್ಕಾ, ಹೊಸ ಐಸ್ ಹಾಕೀನಿ. ತಳದಾಗ ಒಂದು ಗುಲಾಬಿ ಪಟ್ಟಿ ಬಳದೀನಿ. ಮುದೀರ್ ಹೂಂ ಅಂದಾನ. ಈ ಸಲ ಪೇಂಟು, ಕುಂಕುಮ ಅಲ್ಲ" ಎಂದ.

"ಪಟ್ಟಿ ಯಾಕೋ? ಯಾರು ಕೇಳಿದ್ರು?"

"ಮಾತಾಡಬ್ಯಾಡ. ಸುಮ್ನ ಕೇಳು" ಎಂದು ಫೋನನ್ನು ಅಂಗಳದ ಕಡೆ ಹಿಡಿದ.

ಅಲಗುಗಳು ಐಸನ್ನು ಹೆರೆಯುವ ಸದ್ದು. ಏಳೆಂಟು ವರ್ಷದ ಮಕ್ಕಳ ಕಿರುಚಾಟ. ಕೋಲಿನಿಂದ ಐಸನ್ನು ಎರಡು ಸಲ ತಟ್ಟಿದ ಸದ್ದು. ಆಮೇಲೆ ಎಲ್ಲರ ಮೇಲಿಂದ, ಗಂಟಲು ಬಿರಿಯುವಂತೆ, ನಮ್ಮ ಹುಡುಗಿಯ ದನಿ: "ಗಿವ್ ಇಟ್, ಗಿವ್ ಇಟ್! ಖೋ ಅನ್ರೋ! ಖೋ!"

ಮೊರದ ಅಕ್ಕಿ ನೆಲಕ್ಕೆ ಚೆಲ್ಲಿತ್ತು. ಆ ಕೂಗು ಕಿವಿಗೆ ಬಿದ್ದ ಕೂಡಲೇ ನಾನು ಕುರ್ಚಿಯಿಂದ ಎದ್ದು ನಿಂತುಬಿಟ್ಟಿದ್ದೆ.